ತುಳಿಸಿಕೊಂಡ ಹೆಬ್ಬೆರಳು

ಗ್ರೋನಿಂಗನ್, ೧೪ ನವೆಂಬರ್ ೧೯೯೬, ಗುರುವಾರ

ಬಲಗಾಲಿನ ಹೆಬ್ಬೆರಳು ಊದಿಕೊಂಡಿದೆ. ನನಗೆ ಸ್ಕ್ಯಾನಿಂಗ್ ಕಲಿಸುವ ವೀತ್ಸ್ಕೆ ಮರದ ಅಟ್ಟೆಯ ಚಪ್ಪಲಿಯಲ್ಲಿ ಬೇಕೆಂದೇ ತುಳಿದಳು.

ಇಂದು ಬಂದವಳು ಹಿಸ್ಕೆ, ಹದಿಮೂರು ವಾರದ ಬಸುರಿ. ಅವಳ ತಮ್ಮಂದಿರಿಬ್ಬರೂ ಸ್ನಾಯು ಸವೆಯುವ ರೋಗದಲ್ಲಿ ಹೋದರು. ಅದು ಬರುವುದು ಗಂಡುಮಕ್ಕಳಿಗೆ. ಕೂಸು ಗಂಡಾದರೆ ಹೊಟ್ಟೆಗೆ ಸೂಜಿ ಚುಚ್ಚಿ ಪರೀಕ್ಷಿಸಬೇಕು, ಹೆಣ್ಣಾದರೆ ಬೇಕಿಲ್ಲ.

ಪರದೆಯಲ್ಲಿ ಕೂಸಿನ ಕಾಲುಗಳ ನಡುವೆ ಏನೋ ಚಾಚಿಕೊಂಡಿತ್ತು. ‘ಗಂಡು’ ಎನ್ನಲು ಬಾಯಿ ತೆರೆದೆ. ತುಳಿತ ಬಿದ್ದದ್ದು ಆಗಲೇ. ವೀತ್ಸ್ಕೆ ಹರಿವನ್ನು ಬಣ್ಣದಲ್ಲಿ ತೋರಿಸುವ ಗುಂಡಿ ಒತ್ತಿದಳು. ಚಾಚಿದ್ದರೊಳಗೆ ಕೆಂಪು, ನೀಲಿ ಹರಿಯಿತು. ರಕ್ತ. ಅದು ಹೊಕ್ಕುಳಬಳ್ಳಿ!

“ಎಲ್ಲಿ, ಒಂದ್ಸಲ ಕೆಮ್ಮು,” ಎಂದಳು ಹಿಸ್ಕೆಗೆ. ಕೂಸು ಹೊರಳಿತು, ಬಳ್ಳಿ ಸರಿಯಿತು. ಗಂಡೋ ಹೆಣ್ಣೋ ತಿಳಿಸುವ ನಿಜವಾದ ಮೊಳಕೆ ಬೆನ್ನುಮೂಳೆಗೆ ಸಮನಾಗಿ ಮಲಗಿತ್ತು, ಗಂಡಾಗಿದ್ದರೆ ತಲೆಯೆತ್ತಿರಬೇಕಿತ್ತು. ಅದರ ಕೋನವನ್ನು ವೀತ್ಸ್ಕೆ ಮೂರು ಸಲ ಅಳೆದಳು.

“ನನ್ನ ಕಣ್ಣಿಗೆ ಹೆಣ್ಣೇ. ಆದ್ರೂ ಎರಡು ವಾರ ಬಿಟ್ಟು ಬಾ, ಇನ್ನೊಮ್ಮೆ ನೋಡ್ತೀನಿ. ಅಲ್ಲೀವರೆಗೂ ಸೂಜಿ ಬೇಡ.”

“ಇಪ್ಪತ್ತು ವರ್ಷದಿಂದ ಇದೇ ಕೆಲಸ, ಇನ್ನೂ ಅನುಮಾನಾನಾ?” ಹಿಸ್ಕೆ ಅಳುತ್ತಲೇ ರೇಗಿಸಿದಳು.

“ಇಪ್ಪತ್ತು ವರ್ಷದಿಂದ್ಲೂ ಈ ಬಳ್ಳಿ ಏಮಾರಿಸ್ತಾನೇ ಇದೆ ಕಣೇ.”

ಎಂಥ ಕೈ, ಎಂಥ ತಾಳ್ಮೆ! ನನ್ನ ಬಾಯಿಂದ ಆ ಮಾತು ಬಿದ್ದಿದ್ದರೆ ಹಿಸ್ಕೆ ಈ ಎರಡು ವಾರ...

ಆಮೇಲೆ ವೀತ್ಸ್ಕೆ ಬೈಯಲಿಲ್ಲ. ಕಾಫಿ ತಂದಿಟ್ಟು, ನನ್ನ ಕಾಲು ನೋಡಿದಳು.

“ನಾನು ಕಲಿಯೋವಾಗ ನನ್ ಕಾಲು ತುಳಿಯೋರು ಯಾರೂ ಇರ್ಲಿಲ್ಲ,” ಎಂದಳು, ಅಷ್ಟೇ.

ಬೆರಳು ಮಿಡಿಯುತ್ತಿದೆ. ಮುಲಾಮು ಹಚ್ಚುವುದಿಲ್ಲ. ನೋಯಲಿ.