ರಿಲೇ ಪೆಟ್ಟಿಗೆಯೊಳಗಿನ ನಂದಾದೀಪ

ನಿಟ್ಟುವಳ್ಳಿ, ದಾವಣಗೆರೆ
9-12-1998

ಚಿ. ಸೌ. ವಾಣಿಗೆ ನಿನ್ನ ಮಾವ ಉಜ್ಜನಪ್ಪನ ಮನಸಾರೆ ಆಶೀರ್ವಾದ.

ಹೇಗಿದ್ದೀಯಮ್ಮ? ಕಾಲಿನ ಬಾವು ಇಳಿಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ, ಇಲ್ಲಿ ಮಾಡುತ್ತಿದ್ದಂತೆ ತಟ್ಟೆ ಮುಂದಿಟ್ಟುಕೊಂಡು ಪೇಪರ್ ಓದುತ್ತೀಯಾ? ಕುಬಸದ ಶಾಸ್ತ್ರ ಮಾಡಿ ನಿನ್ನನ್ನು ತವರಿಗೆ ಕಳಿಸಿ ಇವತ್ತಿಗೆ ಇಪ್ಪತ್ತಾರು ದಿನ. ಹರಿಹರವೇನು ದೂರದ ಊರಲ್ಲ, ಮನೆಯಲ್ಲಿ ಫೋನೂ ಇದೆ. ಆದರೆ ಆ ಫೋನು ಇರುವುದು ನಿಮ್ಮತ್ತೆಯ ಮಂಚದ ಪಕ್ಕದಲ್ಲಿ. ಬಸುರಿ ಹುಡುಗಿಗೆ ಅಕ್ಕಿ ಮಿಲ್ಲಿನ ರಗಳೆ ಹೇಳಕೂಡದು ಎಂದು ನಿಮ್ಮತ್ತೆ ಮರುಳಸಿದ್ದಮ್ಮನವರ ಕಟ್ಟಪ್ಪಣೆಯಾಗಿದೆ. ಅದಕ್ಕೇ ಈ ಕಾಗದ. ಓದಿದ ಮೇಲೆ ದಿಂಬಿನ ಕೆಳಗೆ ಇಟ್ಟುಕೋ.

ನಿನ್ನ ಕಾಗದ ತಲುಪಿತು. ಬಾಣಂತನ ಮುಗಿದ ಮೇಲೆ ಮಿಲ್ಲಿನ ಕೆಲಸ ಬೇಡವೇ ಬೇಡ, ಕೂಸು ಕಟ್ಟಿಕೊಂಡು ತೌಡಿನ ಧೂಳಿನಲ್ಲಿ ನಿಲ್ಲುವುದೇನು ಎಂದು ನಿಮ್ಮಮ್ಮ ಹಟ ಹಿಡಿದಿದ್ದಾರೆಂದೂ "ನೀವು ಹೇಳಿದಂತೆ ಕೇಳುತ್ತೇನೆ ಮಾವ" ಎಂದೂ ಬರೆದಿದ್ದೀಯ. ಆ ಮಾತಿಗೆ ಬರುತ್ತೇನೆ. ಅದಕ್ಕೂ ಮೊದಲು ಒಂದು ಸಣ್ಣ ವಿಷಯ ಹೇಳಬೇಕು. ಸಣ್ಣದೇ, ಗಾಬರಿಯಾಗಬೇಡ.

ಹೊರಡುವ ದಿನ ನೀನು ಸ್ಟಾರ್ಟರ್ ಪೆಟ್ಟಿಗೆ ತೆರೆದು, ಮೋಟಾರು ಸುಡದಂತೆ ಕಾಯುವ ಆ ರಿಲೇಯ ಬಿರಡೆಯನ್ನು ತಿರುಗಿಸಿ ಇಪ್ಪತ್ಮೂರು ಆಂಪಿಯರಿಗೆ ನಿಲ್ಲಿಸಿದೆ. ಮುಚ್ಚಳದ ಒಳಗೆ ಸೀಮೆಸುಣ್ಣದಲ್ಲಿ ಅದೇ ಅಂಕಿ ಬರೆದು, "ಮಾವ, ಇದನ್ನೊಂದು ಮುಟ್ಟಬ್ಯಾಡ್ರಿ" ಎಂದು ನನ್ನಿಂದ ಮಾತು ತೆಗೆದುಕೊಂಡೆ. ನೀನು ಸೊಸೆಯಾಗಿ ಬಂದ ವರ್ಷ ಮೋಟಾರು ಎರಡನೇ ಸಲ ಸುಟ್ಟಿತ್ತಲ್ಲ, ಆವತ್ತಿನದು ನನಗೆ ಚೆನ್ನಾಗಿ ನೆನಪಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದು, "ಮೋಟಾರು ನಲವತ್ತು ಆಂಪಿಯರ್ ಎಳೆದ್ರೂ ಈ ಸ್ಟಾರ್ಟರ್‌ನಾಗೆ ರಿಲೇ ಮೂಲಕ ಹೋಗೋದು ಬರೀ ಇಪ್ಪತ್ಮೂರು. ನೀವು ನಲವತ್ತಕ್ಕೆ ಇಟ್ಟೀರಿ. ಅದು ಕಾಯೋದು ಬಿಟ್ಟು ಮಲಗೈತೆ" ಎಂದಿದ್ದೆ. ಡಿಪ್ಲೊಮಾ ಓದಿದವಳ ಪುಸ್ತಕದ ಮಾತು ಎಂದು ನಾನು ನಕ್ಕಿದ್ದೆ. ನೀನು ಅದನ್ನು ಇಪ್ಪತ್ಮೂರಕ್ಕೆ ಇಳಿಸಿದ ಮೇಲೆ ನಾಲ್ಕು ವರ್ಷ ಮೋಟಾರು ಒಂದು ಸಲವೂ ಸುಡಲಿಲ್ಲ. ನಾನೂ ನಗುವುದನ್ನು ಬಿಟ್ಟೆ.

ಈಗ ನನ್ನ ತಪ್ಪಿನ ವಿಷಯ. ನಿನ್ನ ಹೆರಿಗೆ ಸುಸೂತ್ರವಾಗಲಿ ಎಂದು ಒಂದು ನಂದಾದೀಪದ ಹರಕೆ ಹೊತ್ತೆ. ಮನೆಯ ದೇವರಮನೆಯಲ್ಲಿ ಇಡೋಣವೆಂದರೆ ಅಲ್ಲಿ ನಿಮ್ಮತ್ತೆಯದೇ ರಾಜ್ಯ. ಮಿಲ್ಲಿನಲ್ಲಿ ಎಲ್ಲಿಟ್ಟರೂ ಹೊಟ್ಟಿನ ಗಾಳಿಗೆ ಆರಿ ಹೋಗುತ್ತದೆ. ಗಾಳಿ ನುಗ್ಗದ ಜಾಗ ಒಂದೇ, ಸ್ಟಾರ್ಟರ್ ಪೆಟ್ಟಿಗೆ. ನೀನು ಕೈಯಾರೆ ಸರಿಮಾಡಿದ ಯಂತ್ರದ ಕೆಳಗೆ ನಿನ್ನ ಹೆಸರಿನ ದೀಪ, ಇದಕ್ಕಿಂತ ಪ್ರಶಸ್ತ ಜಾಗ ಯಾವುದು ಎಂದುಕೊಂಡೆ. ಹಣತೆಗೆ ಎಣ್ಣೆ ಹಾಕಿ, ಬತ್ತಿ ಹೊಸೆದು ಹಚ್ಚಿದೆ, ಕೈಮುಗಿದು ಪೆಟ್ಟಿಗೆಯ ಮುಚ್ಚಳ ಹಾಕಿದೆ.

ಮಾರನೆಯ ದಿನದಿಂದ ಮೋಟಾರಿಗೆ ಗ್ರಹಚಾರ ಹಿಡಿಯಿತು. ಅರ್ಧ ಗಂಟೆ ಓಡುತ್ತದೆ, ಟಪ್ಪೆಂದು ನಿಲ್ಲುತ್ತದೆ. ನಿನ್ನ ಗಂಡ ಕೊಟ್ಟೂರೇಶನನ್ನು ಕೇಳಿದರೆ ಅವನು ಬೆಲ್ಟು ತಟ್ಟಿ ನೋಡಿ ಬಂದ. ಭತ್ತದ ಕಾಳು ಕಚ್ಚಿ ತೇವ ಹೇಳುತ್ತಾನೆ ನಿಜ, ಕರೆಂಟಿನಲ್ಲಿ ಅವನೂ ನನ್ನಷ್ಟೇ ಜಾಣ. ಹೊಸ ಭತ್ತದ ಕಾಲ, ಅಂಗಳದ ತುಂಬಾ ಗಾಡಿಗಳು. ನಿನಗೆ ಕೊಟ್ಟ ಮಾತು ನೆನಪಿತ್ತಮ್ಮ, ಮರೆತಿರಲಿಲ್ಲ. ಒಂದೇ ಒಂದು ಗೆರೆ ಎಂದು ಬಿರಡೆ ತಿರುಗಿಸಿದೆ. ಎರಡು ದಿನ ಓಡಿತು, ಮತ್ತೆ ನಿಂತಿತು. ಇನ್ನೊಂದು ಗೆರೆ ತಿರುಗಿಸಿದೆ. ಹೀಗೆ ಗೆರೆ ಗೆರೆಯಾಗಿ ಅದು ಎಲ್ಲಿಗೆ ಹೋಗಿ ಮುಟ್ಟಿತೋ ನೋಡುವ ಧೈರ್ಯ ನನಗಾಗಲಿಲ್ಲ.

ಮೊನ್ನೆ ಒದ್ದೆ ಭತ್ತ ಸಿಕ್ಕಿಕೊಂಡು ಮೋಟಾರು ತಿಣುಕತೊಡಗಿತು. ನಿಲ್ಲಿಸಬೇಕಾದ ರಿಲೇ ತೆಪ್ಪಗೆ ಕೂತಿದೆ! ಮೋಟಾರಿನೊಳಗಿನ ತಂತಿಯ ವಾರ್ನಿಷ್ ಸುಟ್ಟ ವಾಸನೆ ಬಂತು. ಪುಣ್ಯಕ್ಕೆ ನಮ್ಮ ಎಲೆಕ್ಟ್ರಿಷಿಯನ್ ಶಬ್ಬೀರ್ ಅದೇ ಹೊತ್ತಿಗೆ ಚಹಾಕ್ಕೆಂದು ಬಂದವನು ಓಡಿಹೋಗಿ ಮೇನ್ ಸ್ವಿಚ್ ಎಳೆದ. ಆಮೇಲೆ ಪೆಟ್ಟಿಗೆ ತೆರೆದ. ಒಳಗೆಲ್ಲ ದೀಪದ ಮಸಿ. ನೀನು ಬರೆದ ಅಂಕಿ ಅದರಡಿ ಮುಚ್ಚಿಹೋಗಿತ್ತು. ಬಿರಡೆ ಮೂವತ್ತೆರಡರಲ್ಲಿತ್ತು. "ಯಜಮಾನ್ರೇ, ಇದು ಬಿಸಿ ತಾಕಿದ್ರೆ ಬಿದ್ದು ಮೋಟಾರು ನಿಲ್ಲಿಸೋ ರಿಲೇ. ಕರೆಂಟಿನ ಬಿಸಿನೋ, ದೀಪದ ಬಿಸಿನೋ, ಪಾಪ ಅದಕ್ಕೆ ಹೆಂಗೆ ಗೊತ್ತಾಗ್ಬೇಕು?" ಎಂದ. ಬೆಂಕಿ ಹತ್ತದೆ ಉಳಿದದ್ದೇ ಹೆಚ್ಚು ಎಂದು ಅರ್ಧ ಗಂಟೆ ಬೈದ. ಅವನು ಬೈದದ್ದು ಅಷ್ಟೂ ನ್ಯಾಯವೇ. ದೀಪ ಈಗ ನಿಮ್ಮತ್ತೆಯ ರಾಜ್ಯದಲ್ಲಿದೆ. ಮಿಲ್ಲಿನಿಂದ ಯಾಕೆ ಬಂತು ಎಂದು ಅವಳು ಕೇಳಿದಾಗಲೆಲ್ಲ ನಾನು ಎಣ್ಣೆ ತರಲು ಹೊರಡುತ್ತೇನೆ. ಮೋಟಾರು ಬದುಕಿದೆ, ಬಿರಡೆ ಇಪ್ಪತ್ಮೂರಕ್ಕೆ ಮರಳಿದೆ. ನಿನಗೆ ಕೊಟ್ಟ ಮಾತು ಮುರಿದೆನಲ್ಲ ಎಂಬ ಸಂಕಟ ಮಾತ್ರ ಹೋಗಿಲ್ಲ. ಕ್ಷಮಿಸಿಬಿಡು ತಾಯಿ.

ನಿನ್ನ ತಂದೆತಾಯಿಗೆ ನಮ್ಮ ಶರಣು ತಿಳಿಸು. ರಾತ್ರಿ ಬೇಗ ಮಲಗು. ನೂರ್ಕಾಲ ಸುಖವಾಗಿರು.

ನಿನ್ನ ಮಾವ,
ಉಜ್ಜನಪ್ಪ

ತಾ.ಕ.: ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ನೀನು ಕೇಳಿದ್ದಕ್ಕೆ ಉತ್ತರವನ್ನೇ ಬರೆದಿಲ್ಲ ನೋಡು! ಮಿಲ್ಲಿನ ಆಫೀಸು ಕೋಣೆಯ ತೊಲೆಗೆ ತೊಟ್ಟಿಲಿನ ಕೊಂಡಿ ಹಾಕಿಸಿದ್ದೇನೆ, ಕಿಟಕಿಗೆ ಧೂಳು ಬರದಂತೆ ಗಾಜು ಕೂರಿಸಿಯಾಗಿದೆ. ಬೀಗತಿಗೆ ಹಾಗೆಂದು ಹೇಳು. ಲಕೋಟೆಯಲ್ಲಿ ಗಟ್ಟಿಯಾಗಿ ಕೈಗೆ ಹತ್ತುತ್ತದಲ್ಲ, ಅದು ಸ್ಟಾರ್ಟರ್ ಪೆಟ್ಟಿಗೆಗೆ ನಿನ್ನೆ ಹಾಕಿದ ಬೀಗದ ಕೈ. ಇರುವುದು ಅದೊಂದೇ. ಬರುವಾಗ ನೀನೇ ತೆಗೆದುಕೊಂಡು ಬಾ. ಬೇಗ ಬಾ, ಇವತ್ತು ಬೆಳಿಗ್ಗೆ ಆ ಬೀಗವನ್ನು ನಾನು ಎರಡು ಸಲ ಎಳೆದು ನೋಡಿದೆ.