ಅಪ್ಪ ಹೋದ ದಿನ ನಾನು ರಜೆಯಲ್ಲಿರಲಿಲ್ಲ

ಮಾನ್ಯ ಕಾರ್ಮಿಕ ಅಧಿಕಾರಿಗಳೇ,

"ಸದರಿಯವರು ತೊಂಬತ್ಮೂರು ದಿನಗಳ ರಜೆಯನ್ನು ಸಂಪೂರ್ಣವಾಗಿ ಬಳಸಿಕೊಂಡಿರುತ್ತಾರೆ" ಎಂದು ನೀವು ಆದೇಶ ಬರೆದಿದ್ದೀರಿ. ಬಳಸಿಕೊಂಡವನಿಗೇ ಗೊತ್ತಾಗದಂಥ ರಜೆಯನ್ನು ದಯಪಾಲಿಸಿದ್ದಕ್ಕೆ ಧನ್ಯವಾದ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಬಾಯ್ಲರ್ ಆಪರೇಟರ್ ಆಗಿದ್ದೆ. ಹೋದ ವರ್ಷ ನಲವತ್ತು ಜನರನ್ನು ಕೆಲಸದಿಂದ ತೆಗೆದರು. ಅವರಲ್ಲಿ ನಾನೂ ಒಬ್ಬ. ತೆಗೆದುಕೊಳ್ಳದೆ ಉಳಿದ ರಜೆಯ ಸಂಬಳ ಕೊಡಿ ಎಂದರೆ, ಮಾಲೀಕರು ಒಂದು ರಜಾ ಪುಸ್ತಕ ತಂದು ನಿಮ್ಮ ಮೇಜಿನ ಮೇಲಿಟ್ಟರು. ಅದರಲ್ಲಿ ನನ್ನ ರಜೆಯೆಲ್ಲ ಮುಗಿದಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ನೀವು ಕಟ್ಟಿದಿರಿ, ಮೊಹರನ್ನೂ ಒತ್ತಿದಿರಿ.

ಆ ಪುಸ್ತಕದಲ್ಲಿರುವ ರುಜು ನನ್ನದೇ, ಒಪ್ಪಿದೆ. ಸಂಬಳದ ದಿನ ಸಾಲಿನಲ್ಲಿ ನಿಲ್ಲಿಸಿ, ಹಾಳೆಯ ಮೇಲ್ಭಾಗವನ್ನು ಅಂಗೈಯಿಂದ ಮುಚ್ಚಿ, "ಇಲ್ಲೊಂದು ಸೈನ್ ಹಾಕಿ, ಬೇಗ ಬೇಗ" ಎನ್ನುತ್ತಿದ್ದರು. ಏನಿದು ಎಂದು ಕೇಳಿದವನು ಸಾಲಿನ ಕೊನೆಗೆ ಹೋಗಬೇಕಿತ್ತು. ನಾನು ಕೇಳಲಿಲ್ಲ, ಅದು ನನ್ನ ದಡ್ಡತನ.

ಆದರೆ ಪುಸ್ತಕ ಬರೆದ ಜಾಣರು ಒಂದು ವಿಷಯ ಮರೆತರು. ಪ್ರಮಾಣಪತ್ರ ಇರುವ ಆಪರೇಟರ್ ಎದುರಿಗಿಲ್ಲದೆ ಬಾಯ್ಲರ್ ಉರಿಸುವಂತಿಲ್ಲ. ಒಂದೇ ಪಾಳಿಯ ಆ ಕಾರ್ಖಾನೆಯಲ್ಲಿ ಪ್ರಮಾಣಪತ್ರ ಇದ್ದವನು ನಾನೊಬ್ಬನೇ. ಗಂಟೆಗೊಮ್ಮೆ ಹಬೆಯ ಒತ್ತಡ ನೋಡಿ, ಬರೆದು, ರುಜು ಹಾಕಿದ ನನ್ನ ಪುಸ್ತಕಗಳು ಬಾಯ್ಲರ್ ತಪಾಸಣೆ ಕಚೇರಿಯಲ್ಲಿವೆ. ಆ ಕಚೇರಿ ಎಲ್ಲಿದೆ? ನಿಮ್ಮ ತಲೆಯ ಮೇಲೇ, ಎರಡನೇ ಮಹಡಿಯಲ್ಲಿ! ನಾನು ರಜೆಯಲ್ಲಿದ್ದರೆ ಆ ದಿನಗಳಲ್ಲಿ ಬಾಯ್ಲರ್ ಉರಿಸಿದ್ದು ಅಪರಾಧ. ಉರಿಸಿದವನು ನಾನಾದರೆ ರಜೆ ಸುಳ್ಳು. ಎರಡರಲ್ಲೊಂದನ್ನು ಆರಿಸಿಕೊಳ್ಳಿ ಎಂದು ವಿಚಾರಣೆಯಲ್ಲಿ ಕೈಮುಗಿದೆ. ಕಡತದಿಂದ ಮುಖ ಎತ್ತದೆ ನೀವು ಏನೆಂದಿರಿ? "ಅದು ಬೇರೆ ಇಲಾಖೆ ಕಣ್ರೀ. ನಮಗೂ ಅದಕ್ಕೂ ಸಂಬಂಧ ಇಲ್ಲ." ಇಪ್ಪತ್ತೆರಡು ಮೆಟ್ಟಿಲು, ಸ್ವಾಮಿ. ಎಣಿಸಿದ್ದೇನೆ. ಹತ್ತಿದ್ದರೆ ನಿಮ್ಮ ಕಾಲು ಸವೆದುಹೋಗುತ್ತಿತ್ತೇ?

ದುಡ್ಡಿನ ಮಾತು ಹಾಗಿರಲಿ. ಕಾರ್ಖಾನೆಯ ಮನೆ ಖಾಲಿ ಮಾಡಿಸಿದ ಮೇಲೆ ನಾನೂ ನನ್ನ ಹೆಂಡತಿಯೂ ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿದ್ದೇವೆ. ನಿಮ್ಮ ಆದೇಶ ಅಲ್ಲಿಗೇ ಬಂತು. ಅಕ್ಕ ಒಡೆದು ಓದಿದಳು, ಜೊತೆಗಿದ್ದ ರಜಾ ದಿನಾಂಕಗಳ ಪಟ್ಟಿಯನ್ನೂ ಓದಿದಳು. ಅದರಲ್ಲಿ ನಮ್ಮಪ್ಪ ತೀರಿಕೊಂಡ ದಿನವೂ ಇತ್ತು.

ಅವತ್ತು ಬೆಳಿಗ್ಗೆ ಒಂಬತ್ತಕ್ಕೆ ನನಗೆ ಫೋನ್ ಬಂದಿತ್ತು. ಮ್ಯಾನೇಜರ್ ಬಳಿ ಓಡಿದೆ. "ಹಬೆ ನಿಂತ್ರೆ ಬಣ್ಣದ ತೊಟ್ಟೀಲಿರೋ ಬಟ್ಟೆಯೆಲ್ಲ ಹಾಳಾಗುತ್ತೆ. ಹೋದವರು ಹೋದ್ರು, ಸಂಜೆ ಹೋಗಿ ಬನ್ನಿ" ಎಂದರು. ಸಂಜೆ ಊರು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಒಬ್ಬನೇ ಮಗ. ಹೆಗಲು ಕೊಟ್ಟವನು ಪಕ್ಕದ ಮನೆಯವನು. ನೆಂಟರೆಲ್ಲ ಮುಖಕ್ಕೆ ಉಗಿದಾಗ ಅಕ್ಕ ಒಬ್ಬಳೇ ಅಡ್ಡ ನಿಂತಳು: "ಅವನಿಗೆ ರಜಾ ಕೊಡ್ಲಿಲ್ಲ. ಪಾಪ, ಅವನೇನು ಮಾಡ್ತಾನೆ?" ಐದು ವರ್ಷ ಎಲ್ಲರಿಗೂ ಅದನ್ನೇ ಹೇಳಿಕೊಂಡು ಬಂದಳು.

ಮೊನ್ನೆ ಆ ಪಟ್ಟಿಯನ್ನು ನನ್ನ ಮುಂದೆ ಹಿಡಿದಳು. "ಅವತ್ತು ನಿಂಗೆ ರಜಾ ಇತ್ತಂತಲ್ಲೋ. ಎಲ್ಲಿಗೆ ಹೋಗಿದ್ದೆ?"

"ಅಕ್ಕಾ, ಸುಳ್ಳು ಕಣೇ ಅದು."

"ಸರ್ಕಾರದ ಮೊಹರಿದೆ. ನಿನ್ನ ಸೈನೂ ಇದೆ."

ಈಗ ಊಟಕ್ಕೆ ಬಡಿಸುತ್ತಾಳೆ, ಮಾತಾಡುವುದಿಲ್ಲ.

ಕೇಳಿ, ಅಧಿಕಾರಿಗಳೇ. ನನ್ನ ರಜೆ ತಿಂದವರು ಮಾಲೀಕರು. ನನ್ನ ಅಕ್ಕನನ್ನು ಕಸಿದುಕೊಂಡವರು ನೀವು. ತೊಂಬತ್ತೆರಡು ದಿನಗಳಿಗಾಗಿ ಮೇಲ್ಮನವಿ ಹಾಕುತ್ತೇನೆ. ವರ್ಷಗಟ್ಟಲೆ ಅಲೆಸಿ, ಅಲೆಯುತ್ತೇನೆ. ಉಳಿದ ಆ ಒಂದು ದಿನದ ಸಂಬಳ ನನಗೆ ಬೇಡ, ಮಾಲೀಕರೇ ಇಟ್ಟುಕೊಂಡು ಉದ್ಧಾರವಾಗಲಿ. ನೀವು ಮಾತ್ರ ಮೇಲಿನ ಮಹಡಿಗೆ ಹೋಗಿ, ಆ ದಿನದ ಪುಟ ತೆರೆದು ನೋಡಿ, "ಈತ ಅವತ್ತು ಕೆಲಸದಲ್ಲಿದ್ದ" ಎಂದು ಒಂದೇ ಒಂದು ಸಾಲು ಬರೆದು, ಅದೇ ಮೊಹರು ಒತ್ತಿ ಕಳಿಸಿ. ನನಗಲ್ಲ, ನನ್ನ ಅಕ್ಕನ ಹೆಸರಿಗೆ. ಅವಳು ನನ್ನ ಮಾತು ನಂಬುವುದಿಲ್ಲ, ನಿಮ್ಮದನ್ನು ನಂಬುತ್ತಾಳೆ.

ಇಂತಿ,
ಅಪ್ಪನ ಮಣ್ಣಿಗೂ ಹೋಗದೆ ರಜೆಯ ಮೋಜು ಉಡಾಯಿಸಿದವನೆಂದು ನಿಮ್ಮಿಂದಲೇ ಪ್ರಮಾಣೀಕೃತನಾದ,
ಒಬ್ಬ ಮಾಜಿ ಬಾಯ್ಲರ್ ಆಪರೇಟರ್