ಎರಡನೇ ದೋಣಿ

ವೆನಿಸ್, ಕಸ್ತೆಲ್ಲೊ 2841
9 ಅಕ್ಟೋಬರ್ 1994

ಪ್ರೀತಿಯ ಲೊರೆದಾನಾ,

ನಿನ್ನ ಕಾರ್ಡು ಬಂತು. ಒಂಬತ್ತು ವರ್ಷದ ಮೇಲೆ ಬರೆದೆ, ಅದೂ ನಾಲ್ಕೇ ಸಾಲು. ಮದುವೆಯಾಗಿದೆ, ಗಂಡ ಕೊರ್ರಾದೊ ವೆನಿಸ್ ನೋಡಿಲ್ಲ, ನವೆಂಬರಿನಲ್ಲಿ ಮೂರು ದಿನಕ್ಕೆ ಬರುತ್ತೇವೆ, ಎಲ್ಲಿ ಇಳಿದುಕೊಳ್ಳಬೇಕು, ಏನೇನು ಬದಲಾಗಿದೆ ತಿಳಿಸು ಎಂದಿದ್ದೀಯ. ಮನೆಗೆ ಬರುತ್ತೀಯೋ ಇಲ್ಲವೋ ಎಂಬುದು ಮಾತ್ರ ಅದರಲ್ಲಿಲ್ಲ. ಪ್ರವಾಸಿ ಕಚೇರಿಗೆ ಬರೆದ ಹಾಗೆ ಬರೆದಿದ್ದೀಯ, ನಾನೂ ಹಾಗೇ ಉತ್ತರಿಸುತ್ತೇನೆ. ಅಕ್ಷರ ಸೊಟ್ಟಗಿದ್ದರೆ ವಯಸ್ಸಾಯಿತು ಅಂದುಕೋ.

ಚಕ್ರದ ದೊಡ್ಡ ಪೆಟ್ಟಿಗೆ ತರಬೇಡ. ನಿನ್ನ ಗಂಡ ಬೊಲೊನ್ಯದವನು, ಸಮನೆಲದಲ್ಲಿ ಬೆಳೆದವನು. ನಾಲ್ಕನೇ ಸೇತುವೆ ಹತ್ತಿಳಿಯುವ ಹೊತ್ತಿಗೆ ನಿನ್ನ ಮೇಲೆ ರೇಗುತ್ತಾನೆ. ಇಬ್ಬರಿಗೂ ರಬ್ಬರ್ ಬೂಟು ಇರಲಿ. ನೀರೇರಿ ಬೀದಿ ಮುಳುಗುವ ದಿನ ನಡೆಯಲು ಹಾಕುವ ಹಲಗೆಗಳ ಮೇಲೆ ಬಲಬದಿಗೇ ನಡೆಯಬೇಕೆಂದು ಅವನಿಗೆ ಹೇಳು. ನಡುವೆ ನಿಂತು ಫೋಟೊ ತೆಗೆಯುವವರನ್ನು ಎಲ್ಲರೂ ಬೈಯುತ್ತಾರೆ, ನಾನಂತೂ ಜೋರಾಗಿಯೇ ಬೈಯುತ್ತೇನೆ. ಕಾಫಿ ನಿಂತೇ ಕುಡಿಯಿರಿ, ಕೂತರೆ ಕುರ್ಚಿಗೂ ಸೇರಿಸಿ ದುಡ್ಡು ಕೀಳುತ್ತಾರೆ.

ಹೋಟೆಲ್ ಕೇಳಿದ್ದೀಯ. ನಿಲ್ದಾಣದ ಹತ್ತಿರ ಒಂದಿದೆ, ಅಲ್ಲಿ ರಾತ್ರಿಯೆಲ್ಲ ಗದ್ದಲ. ಚರ್ಚಿನ ಹಿಂದೊಂದಿದೆ, ಅಲ್ಲಿ ಗೋಡೆ ಒಸರುತ್ತದೆ. ಮೂರನೆಯದರ ಯಜಮಾನಿಯ ಬಾಯಿ ಸರಿಯಿಲ್ಲ. ಇನ್ನು ಯಾವುದೂ ನನಗೆ ಗೊತ್ತಿಲ್ಲ. ನಿನ್ನ ಕೋಣೆಗೆ ಕಳೆದ ವಾರ ಸುಣ್ಣ ಬಳಿಸಿದೆ. ನಿನಗಾಗಿ ಅಂತಲ್ಲ, ಬಳಿಸಬೇಕಿತ್ತು.

ಕೊರ್ರಾದೊಗೆ ಇನ್ನೊಂದು ಮಾತು ಹೇಳಿಕೊಡು. ಇಲ್ಲಿ ಬೀದಿಯ ಹೆಸರಿಗೆ ಬೆಲೆಯಿಲ್ಲ. ಊರಿನ ಆರೂ ಪೇಟೆಗಳಲ್ಲಿ ಅದದೇ ಮನೆ ಸಂಖ್ಯೆಗಳಿವೆ, ನಮ್ಮದು ಕಸ್ತೆಲ್ಲೊ ಪೇಟೆ, ಆ ಹೆಸರು ತಪ್ಪಿದರೆ ಮನೆ ಸಿಗುವುದಿಲ್ಲ. ಇದನ್ನು ನಿನಗೆ ನಾನು ಹೇಳಬೇಕಾಗಿಲ್ಲ.

ಬರೆಯಬಾರದು ಅಂದುಕೊಂಡಿದ್ದೆ, ಆದರೆ ಈ ಮಾತು ಬಂದ ಮೇಲೆ ಸುಮ್ಮನಿರಲಾರೆ. ಅಪ್ಪನಿಗೆ ಎದೆನೋವು ಬಂದ ಆ ಬೆಳಿಗ್ಗೆ ಮೊದಲು ನಾನು ಮೇಲಿನ ಮನೆಯ ಪಾಲ್ಮಿರಳ ಫೋನಿನಿಂದ ಆಸ್ಪತ್ರೆಗೆ ಕರೆ ಮಾಡಿದೆ. ಇಪ್ಪತ್ತು ನಿಮಿಷವಾದರೂ ಆಂಬುಲೆನ್ಸ್ ದೋಣಿ ಬರಲಿಲ್ಲ. ನಿನ್ನನ್ನು ಕೆಳಗಿನ ಕಾಫಿ ಅಂಗಡಿಯ ಫೋನಿಗೆ ಓಡಿಸಿದೆ, ನೀನೂ ಕರೆ ಮಾಡಿದೆ. ಕೊನೆಗೂ ದೋಣಿ ಬಂತು, ಆದರೆ ಅಪ್ಪ ಉಳಿಯಲಿಲ್ಲ. ಒಂದು ದೋಣಿ ಕನ್ನರೆಜೊ ಪೇಟೆಯಲ್ಲಿ 2841 ಹುಡುಕುತ್ತ ಅಲೆದಿತ್ತು ಎಂದು ಆಸ್ಪತ್ರೆಯಲ್ಲಿ ಹೇಳಿದರು. ನೀನು "ನಾ ಕಸ್ತೆಲ್ಲೊ ಅಂತ್ಲೇ ಹೇಳ್ದೆ ಅಮ್ಮಾ" ಅಂದೆ. ನಾನು "ನೀನೇ ಬಾಯ್ತಪ್ಪಿ ಹೇಳಿರ್ತೀಯ" ಅಂದೆ, ಎಲ್ಲರ ಮುಂದೆಯೂ ಅಂದೆ. ಚಳಿಗಾಲ ಕಳೆಯುವ ಮೊದಲೇ ನೀನು ಹೊರಟುಹೋದೆ.

ಆಗ ನಿನಗೆ ಹದಿನೇಳು. ಗಾಬರಿಯಲ್ಲಿ ಯಾರ ಬಾಯಾದರೂ ತಪ್ಪುತ್ತದೆ. ನನ್ನ ಮನಸ್ಸಿನಲ್ಲಿ ಈಗ ಏನೂ ಇಲ್ಲ, ನಿನ್ನನ್ನು ಯಾವತ್ತೋ ಕ್ಷಮಿಸಿದ್ದೇನೆ. ಒಂದು ಮಧ್ಯಾಹ್ನ ಊಟಕ್ಕಾದರೂ ಅವನನ್ನು ಕರೆದುಕೊಂಡು ಬಾ. ಈರುಳ್ಳಿ, ವಿನೆಗರ್ ಹಾಕಿ ಬೂತಾಯಿ ಮೀನು ನೆನೆಸಿಡುತ್ತೇನೆ. ಅದು ಎರಡು ದಿನ ಕೂತರೇ ರುಚಿ, ಆದ್ದರಿಂದ ಬರುವ ದಿನ ಮೊದಲೇ ತಿಳಿಸು. ತಿಳಿಸದಿದ್ದರೂ ಮಾಡಿಡುತ್ತೇನೆ.

ನೀನು ಬರುವುದನ್ನೇ ಕಾಯುತ್ತಿರುವ
ಅಮ್ಮ, ಎರ್ಸಿಲ್ಯಾ

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿ ಮತ್ತೆ ಹರಿದೆ. ಮೇಲೆ ಕ್ಷಮಿಸಿದ್ದೇನೆ ಎಂದು ಬರೆದಿದ್ದೇನಲ್ಲ, ಆ ಸಾಲು ಸುಳ್ಳು. ಕನ್ನರೆಜೊ ನನ್ನ ತವರಿನ ಪೇಟೆ. ಮದುವೆಯಾಗಿ ಇಪ್ಪತ್ತು ವರ್ಷವಾಗಿದ್ದರೂ ಆ ಗಾಬರಿಯಲ್ಲಿ ಫೋನಿನಲ್ಲಿ ನನ್ನ ಬಾಯಿಗೆ ಅದೇ ಬಂತು. ಆಸ್ಪತ್ರೆಯಲ್ಲಿ ಅವರು ಹೇಳಿದ ಕ್ಷಣವೇ ನನಗೆ ಗೊತ್ತಾಯಿತು, ಆದರೂ ಬೆರಳು ನಿನ್ನ ಕಡೆ ತೋರಿಸಿದೆ. ಪಾಲ್ಮಿರ ಫೋನಿನ ಪಕ್ಕದಲ್ಲೇ ನಿಂತು ಕೇಳಿದ್ದಳು. ಪ್ರತಿ ಕ್ರಿಸ್‌ಮಸ್‌ಗೂ ಮೆಟ್ಟಿಲ ಮೇಲೆ ತಡೆದು, "ಎರ್ಸಿಲ್ಯಾ, ಹುಡ್ಗೀಗೆ ನೀನು ಹೇಳ್ತೀಯೋ, ನಾನೇ ಹೇಳ್ಲೋ?" ಅನ್ನುತ್ತಿದ್ದಳು. ಎರಡು ವರ್ಷದ ಹಿಂದೆ ಅವಳೂ ತೀರಿಕೊಂಡಳು. ಇದನ್ನು ಬಲ್ಲವಳು ಈಗ ನಾನೊಬ್ಬಳೇ. ಇದನ್ನು ಓದಿ ನೀನು ಬರದೆ ಹೋಗಬಹುದು ಎಂಬ ಭಯ ನನಗಿದೆ, ಆದರೂ ಕಳಿಸುತ್ತಿದ್ದೇನೆ.

ನಿನ್ನ ಕರೆಗೆ ದೋಣಿ ಬಂದಾಗ ನೀನು ಕೆಳಗೆ ದಡದಲ್ಲಿ ಕೈ ಬೀಸುತ್ತಿದ್ದೆ, ಆದ್ದರಿಂದ ಅಪ್ಪ ಅಂದದ್ದು ನಿನಗೆ ಕೇಳಿಸಲಿಲ್ಲ. ಅಪ್ಪ ಕಣ್ಣು ತೆರೆದು ಕಿಟಕಿಯ ಕಡೆ ತಿರುಗಿ, "ನಮ್ ಹುಡ್ಗಿ ಕರ್ಸಿದ್ ದೋಣಿ ಬಂತು ನೋಡು" ಅಂದರು. ಆಮೇಲೆ ಅವರು ಮಾತಾಡಲಿಲ್ಲ.